ಹನ್ನೊಂದು ಕುಕ್ಕರುಗಳ ಕಂಪನಿ

ಜನವರಿ 13, ಸೋಮವಾರ

ಬರುವ ಜೂನ್‌ನಿಂದ ನನಗೆ ಕೆಲಸವಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಪ್ರಿನ್ಸಿಪಾಲ್ ಮನೋಹರ್ ಚೇಂಬರಿಗೆ ಕರೆಸಿ, "ಕೂತ್ಕೊಳ್ಳಿ ಸುಂದರೇಶ್, ಟೀ ತಗೊಳ್ಳಿ" ಎಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಟೀ ಕೊಟ್ಟಿದ್ದು ಇದೇ ಮೊದಲು. ಆಗಲೇ ಗೊತ್ತಾಗಬೇಕಿತ್ತು. ನೆಟ್ ಪರೀಕ್ಷೆ ಪಾಸಾಗದ, ಪಿಎಚ್‌ಡಿ ಇಲ್ಲದ ಅತಿಥಿ ಉಪನ್ಯಾಸಕರನ್ನು ಮುಂದಿನ ವರ್ಷ ಕರೆಯುವುದಿಲ್ಲವೆಂದು ಆಡಳಿತ ಮಂಡಳಿ ತೀರ್ಮಾನಿಸಿದೆಯಂತೆ. "ನನ್ನ ಕೈಲಿ ಏನಿದೆ ಹೇಳಿ" ಎಂದು ಕೈ ತೋರಿಸಿದರು. ಅವರ ಕೈಯಲ್ಲಿ ಬಿಸ್ಕತ್ತಿತ್ತು.

ಹದಿನಾರು ವರ್ಷ ಕಾಮರ್ಸ್ ಕಲಿಸಿದ್ದೇನೆ. ನಲವತ್ತೇಳನೇ ವಯಸ್ಸಿಗೆ ನೆಟ್ ಪಾಸು ಮಾಡು ಎಂದರೆ ಎಲ್ಲಿಗೆ ಹೋಗಲಿ? ಅಲ್ಲಿಂದ ನೇರ ಹೋಗಿದ್ದು ಅಂತಿಮ ಬಿ.ಕಾಂ. ತರಗತಿಗೆ, ‘ಉದ್ಯೋಗ ಸಿದ್ಧತೆ’ ಪಾಠ ಮಾಡಲು. ಕೆಲಸ ಕಳೆದುಕೊಂಡು ಹತ್ತು ನಿಮಿಷವೂ ಆಗಿರಲಿಲ್ಲ, ಕೆಲಸ ಗಿಟ್ಟಿಸುವುದು ಹೇಗೆಂದು ಹೇಳಿಕೊಡುತ್ತಿದ್ದೆ. ನನ್ನ ಹಣೆಬರಹಕ್ಕೆ ನಗು ಬೇರೆ ಬಂತು.

ಸಂದರ್ಶನದ ಅಭ್ಯಾಸಕ್ಕೆ ಹಿನಕಲ್ಲಿನ ಶಾಲಿನಿಯನ್ನು ಎದುರಿಗೆ ಕೂರಿಸಿಕೊಂಡೆ. "ನಿನ್ನ ದೌರ್ಬಲ್ಯ ಏನಮ್ಮ?"

"ಗೊತ್ತಿಲ್ದವರ ಹತ್ರ ಮಾತಾಡಕ್ಕೆ ಭಯ ಸರ್."

"ಹಾಗೆಲ್ಲ ಅನ್ನಬಾರದು. ಕೆಲಸ ಹಿಡಿದರೆ ಊಟ, ನಿದ್ದೆ ಮರೆತುಬಿಡ್ತೀನಿ, ಅದೇ ನನ್ನ ದೌರ್ಬಲ್ಯ ಅನ್ನಬೇಕು."

"ಅಂಗಂದ್ರೆ ಸುಳ್ಳಾಯ್ತದಲ್ಲ ಸರ್. ನಂಗೆ ಒಂಬತ್ತಕ್ಕೆಲ್ಲಾ ನಿದ್ದೆ ಬಂದ್ಬುಡ್ತದೆ."

ತರಗತಿ ಗೊಳ್ಳೆಂದಿತು. ನಾನು ರೇಗಿದೆ. ಈ ಹುಡುಗಿಗೆ ಯಾವನು ಕೆಲಸ ಕೊಡುತ್ತಾನೆ ಎಂದುಕೊಂಡೆ. ನನಗೇ ಯಾರೂ ಕೊಡುವುದಿಲ್ಲವೆಂಬುದು ಮನೆಗೆ ಬರುವಾಗ ನೆನಪಾಯಿತು.

ಹೆಂಡತಿ ಪಂಕಜಾಗೆ ಹೇಳಲಿಲ್ಲ. ಅಪ್ಪನಿಗಂತೂ ಹೇಳುವ ಹಾಗೇ ಇಲ್ಲ. ಅವರು ಪಾಠಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಅವರ ತಂದೆ ಮೈಸೂರು ಅರಮನೆಯಲ್ಲಿ ಪುರಾಣ ಹೇಳುತ್ತಿದ್ದವರು. ಕುವೆಂಪುನಗರದ ಈ ಬೀದಿಯಲ್ಲಿ ತರಕಾರಿ ಗಾಡಿಯವನಿಗೂ ನಾನು ‘ಪ್ರೊಫೆಸರ್’ ಎಂದು ಗೊತ್ತಿರುವುದು ಅಪ್ಪನ ಕೃಪೆ.

ಜನವರಿ 24, ಶುಕ್ರವಾರ

ವರ್ಷಕ್ಕೊಮ್ಮೆಯ ನಾಟಕ ಶುರುವಾಗಿದೆ. ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ತಮ್ಮದೇ ‘ಅಭ್ಯಾಸ ಕಂಪನಿ’ ತೆರೆಯಬೇಕು, ಎರಡು ತಿಂಗಳು ನಿಜವಾದ ವ್ಯಾಪಾರ ಮಾಡಬೇಕು, ಕೊನೆಗೆ ಸಾಮಾನನ್ನೆಲ್ಲ ಹರಾಜು ಹಾಕಿ ಕಂಪನಿ ಮುಚ್ಚಬೇಕು. ಮುಚ್ಚುವುದು ಕಡ್ಡಾಯ. ಮುಚ್ಚಿದರೇ ಅಂಕ. ಪ್ರತಿ ವರ್ಷ ಮೇಣದಬತ್ತಿ, ಟೀ ಶರ್ಟು, ಉಪ್ಪಿನಕಾಯಿ. ಯಾರೂ ಅಳದೆ ಮುಚ್ಚುತ್ತಾರೆ.

ಶಾಲಿನಿಯ ಗುಂಪು ಮಾತ್ರ ವಿಚಿತ್ರವಾದದ್ದು ತಂದಿದೆ. ಅವಳ ತಾಯಿ ಚಾಮುಂಡಮ್ಮ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಪರದೇಶದವರ ಮನೆಗಳಲ್ಲಿ ಕೆಲಸ ಮಾಡುತ್ತಾಳೆ. ಅವರು ಬರಿಗೈಲಿ ಬಂದು, ಮೂರು ತಿಂಗಳಿಗೆಂದು ಕುಕ್ಕರು, ಬಕೆಟ್ಟು ಎಲ್ಲ ಕೊಂಡು, ಹೋಗುವಾಗ ಬಿಟ್ಟುಹೋಗುತ್ತಾರಂತೆ. ಅದನ್ನೇ ಅಗ್ಗಕ್ಕೆ ಕೊಂಡು, ತೊಳೆದು, ಮುಂದೆ ಬರುವವರಿಗೆ ಬಾಡಿಗೆಗೆ ಕೊಡುವುದು ಅವಳ ಯೋಜನೆ. ಒಂದು ಕುಕ್ಕರು, ಎರಡು ಪಾತ್ರೆ, ಎರಡು ಲೋಟ, ಗ್ಯಾಸ್ ಒಲೆ, ಬಕೆಟ್ಟು, ಚಾಪೆ: ಇದೊಂದು ‘ಮನೆ ಸೆಟ್’.

"ಪಾತ್ರೆ ಬಾಡಿಗೆಗೆ ಕೊಡೋದು ಕಲ್ಯಾಣ ಮಂಟಪದವರ ಕೆಲಸ ಕಣಮ್ಮ" ಎಂದೆ.

"ಬುಡಿ ಸರ್, ಮುಚ್ಚೋದೇ ಅಲ್ವಾ, ಯಾವ್ದಾದ್ರೇನು?" ಎಂದಳು. ಸಹಿ ಹಾಕಿದೆ.

ಫೆಬ್ರವರಿ 11, ಮಂಗಳವಾರ

ಮೇಲ್ವಿಚಾರಣೆಗೆಂದು ಗೋಕುಲಂಗೆ ಹೋಗಿದ್ದೆ. ಶಾಲಿನಿಯ ಗುಂಪಿನ ಮಹೇಂದ್ರ ತನ್ನ ಅಪ್ಪನ ಲಗೇಜ್ ಆಟೋದಲ್ಲಿ ಸೆಟ್ ಇಳಿಸಿದ. ಗಿರಾಕಿ ಒಬ್ಬಳು ಎತ್ತರದ ಹೆಂಗಸು, ಯಾವ ದೇಶವೋ ಕೇಳಲಿಲ್ಲ. ಸಾಮಾನು ಜೋಡಿಸಿದ ಮೇಲೆ ಶಾಲಿನಿ ತನ್ನ ಚೀಲದಿಂದ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತೆಗೆದು ಹೊಸ ಒಲೆಯ ಮೇಲಿಟ್ಟು ಉಕ್ಕಿಸಿದಳು. ಆ ಹೆಂಗಸು ಗಾಬರಿಯಾಗಿ ಒಲೆ ಆರಿಸಲು ಓಡಿ ಬಂದಳು. ಶಾಲಿನಿ ಅವಳ ಕೈ ಹಿಡಿದು, ತನ್ನ ಮುರುಕು ಇಂಗ್ಲಿಷಿನಲ್ಲಿ, ಹಾಲು ಉಕ್ಕಿದ ಮೇಲೇ ಇದು ಮನೆ, ಅಲ್ಲಿಯವರೆಗೂ ಬರೀ ಗೋಡೆ ಎಂದಳು. ಹೆಂಗಸಿನ ಕಣ್ಣಲ್ಲಿ ನೀರು ಬಂತು.

ಪಠ್ಯದಲ್ಲಿ ಇದಕ್ಕೊಂದು ಹೆಸರಿದೆ. ‘ಗ್ರಾಹಕ ಅನುಭವ’ ಅಂತ ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಏನೇ ಆಗಲಿ, ಆ ಮಕ್ಕಳ ಕಂಪನಿ ಆ ಮಕ್ಕಳ ಪಾಡು. ನನಗೆ ನನ್ನದೇ ಸಾಕಾಗಿದೆ.

ಮಾರ್ಚ್ 3, ಸೋಮವಾರ

ಇನ್ನೊಂದು ಕಾಲೇಜಿನಲ್ಲಿ ಸಂದರ್ಶನ. ಎದುರಿಗೆ ಕೂತವನು ನನ್ನ ಹಳೆಯ ವಿದ್ಯಾರ್ಥಿಯ ವಯಸ್ಸಿನವನು. ದೌರ್ಬಲ್ಯ ಏನು ಎಂದು ಕೇಳಿದ. ಊಟ, ನಿದ್ದೆ ಮರೆತು ಕೆಲಸ ಮಾಡುತ್ತೇನೆ ಎಂದೆ. ಅವನು ಬರೆದುಕೊಳ್ಳಲೂ ಇಲ್ಲ.

ಎಲ್ಲೂ ಕೆಲಸವಿಲ್ಲ. ನನಗೆ ಏನು ಬರುತ್ತದೆ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಪಾಠ ಮಾಡಲು ಬರುತ್ತದೆ. ಅದು ಬಿಟ್ಟರೆ ಏನೂ ಇಲ್ಲ.

ಮಾರ್ಚ್ 29, ಶನಿವಾರ

ನನಗೆ ತಲೆ ಕೆಟ್ಟಿದೆ. ಬೇರೆ ವಿವರಣೆಯೇ ಇಲ್ಲ.

ಇವತ್ತು ಕಾಲೇಜಿನ ಅಂಗಳದಲ್ಲಿ ಅಭ್ಯಾಸ ಕಂಪನಿಗಳ ಹರಾಜು. ಮೇಣದಬತ್ತಿಯನ್ನೆಲ್ಲ ಉಪನ್ಯಾಸಕಿಯರು ಕೊಂಡರು. ಶಾಲಿನಿಯ ಗುಂಪಿನ ಸಾಮಾನು ಸಾಲಾಗಿ ಇಟ್ಟಿತ್ತು, ಉಜ್ಜಿ ಉಜ್ಜಿ ಫಳಫಳ ಮಾಡಿದ್ದರು. ಅವರ ಕಂಪನಿ ಲಾಭದಲ್ಲಿತ್ತು, ಗಿರಾಕಿಗಳು ಇನ್ನೂ ಕೇಳುತ್ತಿದ್ದರು, ಆದರೂ ಮುಚ್ಚಬೇಕು. ಕಂಪನಿಯ ಸದಸ್ಯರು ಕೂಗುವ ಹಾಗಿಲ್ಲ, ಅದು ನಿಯಮ. ಆ ನಿಯಮ ಬರೆದ ಸಮಿತಿಯಲ್ಲಿ ನಾನೂ ಇದ್ದೆ.

ಗುಜರಿಯವನೊಬ್ಬ ಎಲ್ಲವನ್ನೂ ತೂಕಕ್ಕೆ ಕೇಳಿದ. ಒಂದು ಕುಕ್ಕರು ಎತ್ತಿ, ಮುಚ್ಚಳ ತೆಗೆದು, ತಳವನ್ನು ಕಲ್ಲಿಗೆ ಬಡಿದು ನೋಡಿದ. ಶಾಲಿನಿ ಮುಖ ಆ ಕಡೆ ತಿರುಗಿಸಿಕೊಂಡಳು. ಅಷ್ಟರಲ್ಲಿ ಯಾರೋ ಅವನಿಗಿಂತ ಹೆಚ್ಚಿಗೆ ಕೂಗಿದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಕೂಗಿದ್ದು ನಾನು ಎಂದು ತಿಳಿದಿದ್ದು.

ಪಿಎಚ್‌ಡಿಗೆ ಸೇರಲೆಂದು ತೆಗೆದಿಟ್ಟಿದ್ದ ಹಣ ಹೋಯಿತು. ಹನ್ನೊಂದು ಕುಕ್ಕರು, ಅಷ್ಟೇ ಬಕೆಟ್ಟು, ಒಲೆಗಳು, ಚಾಪೆಗಳ ಸುರುಳಿ, ಅದರ ನಡುವೆ ನಾನು, ಮಹೇಂದ್ರನ ಆಟೋದಲ್ಲಿ ಕುವೆಂಪುನಗರಕ್ಕೆ ಮೆರವಣಿಗೆ ಬಂದೆವು. ನಾಳೆ ಯುಗಾದಿ. ಬೀದಿಯವರೆಲ್ಲ ಮಾವಿನ ಸೊಪ್ಪು ಹಿಡಿದು ಹೊರಗೇ ನಿಂತಿದ್ದರು.

ಅಪ್ಪ ಬಾಗಿಲಲ್ಲೇ ಕೇಳಿದರು, "ಹಬ್ಬಕ್ಕೆ ಇಷ್ಟೊಂದು ಕುಕ್ಕರಾ?"

ಅಡುಗೆಮನೆಯಿಂದ ಪಂಕಜಾ ಬಂದಳು. ಅವಳು ಕುಕ್ಕರುಗಳನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು. ಆಗ ಎಲ್ಲ ಹೇಳಿಬಿಟ್ಟೆ, ಅಪ್ಪನ ಎದುರಿಗೇ, ಬಾಗಿಲಲ್ಲೇ, ಮಹೇಂದ್ರ ಚಾಪೆ ಹಿಡಿದು ನಿಂತಿರುವಾಗಲೇ. ಕೆಲಸ ಹೋದದ್ದು, ಜನವರಿಯಿಂದ ಮುಚ್ಚಿಟ್ಟಿದ್ದು, ಇವತ್ತು ಮಾಡಿದ್ದು.

"ನಮ್ಮ ವಂಶದಲ್ಲಿ ಯಾರೂ ತಕ್ಕಡಿ ಹಿಡಿದವರಲ್ಲ" ಎಂದು ಅಪ್ಪ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಮಾರ್ಚ್ 30, ಭಾನುವಾರ

ಬೇವು ಬೆಲ್ಲ ಕೊಡುವಾಗ ಪಂಕಜಾ ಮಾತಾಡಿದಳು. "ಕುಕ್ಕರ್ ತಂದಿದ್ದಕ್ಕೆ ನಂಗೆ ಬೇಜಾರಿಲ್ಲ ಕಣ್ರೀ. ಎರಡೂವರೆ ತಿಂಗಳು ಒಬ್ಬರೇ ನುಂಗಿಕೊಂಡು ಓಡಾಡಿದ್ರಲ್ಲ, ನಾನೇನು ಈ ಮನೇಲಿ ಬಾಡಿಗೆಗಿದ್ದೀನಾ?"

ನನಗೆ ಅಳು ಬಂತು. ಹಬ್ಬದ ದಿನ ಅಳಬಾರದು ಎಂದು ಗದರಿದಳು. ಕುಕ್ಕರುಗಳನ್ನೆಲ್ಲ ಮಂಚದ ಕೆಳಗೆ ಸೇರಿಸಿದಳು. ಮಧ್ಯಾಹ್ನ ನೆಂಟರು ಬಂದಾಗ, ಹೊರಗೆ ಇಣುಕುತ್ತಿದ್ದ ಒಂದೆರಡರ ಮೇಲೆ ಅಪ್ಪ ತಮ್ಮ ರೇಷ್ಮೆ ಶಲ್ಯ ಹೊದಿಸಿದರು.

ಏಪ್ರಿಲ್ 18, ಶುಕ್ರವಾರ

ಒಂದು ಗಿರಾಕಿಯೂ ಇಲ್ಲ. ಬಿಸಿಲಿಗೆ ಗೋಕುಲಂ ಖಾಲಿಯಾಗಿದೆ, ಪರದೇಶದವರು ಇನ್ನು ಬರುವುದು ಅಕ್ಟೋಬರಿಗೆ. ‘ಋತುಮಾನದ ಬೇಡಿಕೆ’ ಎಂಬ ಅಧ್ಯಾಯವನ್ನು ಪ್ರತಿ ವರ್ಷ ಪಾಠ ಮಾಡಿದವನು ಋತು ಮುಗಿದ ದಿನ ಸರಕು ಕೊಂಡಿದ್ದೇನೆ. ಇಂಥ ಮೂರ್ಖತನ ಬೀದಿ ಕೊನೆಯ ಎಳನೀರಿನವನೂ ಮಾಡುವುದಿಲ್ಲ.

ಕಂಪನಿ ಮತ್ತೆ ನಡೆಸೋಣವೆಂದು ಶಾಲಿನಿ ಮಾತ್ರ ದಿನಾ ಹಿನಕಲ್‌ನಿಂದ ಬರುತ್ತಾಳೆ. ಮಹೇಂದ್ರ ಅಪ್ಪನ ಆಟೋ ಓಡಿಸಲು ಹೋದ. ಇವಳು ಬಿಡಲಿಲ್ಲ. "ಫಾರಿನ್ನವರು ಮಾತ್ರ ಬರಿಗೈಲಿ ಬರ್ತಾರಾ ಸರ್? ಜೂನಲ್ಲಿ ಕೆಲ್ಸಕ್ಕೆ ಬರೋರು, ಓದಕ್ಕೆ ಬರೋರು ಎಷ್ಟು ಜನ ಇಲ್ಲ? ಅವರ್ಗೂ ಅನ್ನ ಬೇಯ್ಬೇಕಲ್ವಾ?" ಎನ್ನುತ್ತಾಳೆ. ಜಾಹೀರಾತಿನ ಚೀಟಿ ಮಾಡಿಸಿ ಆಸ್ಪತ್ರೆ, ಹಾಸ್ಟೆಲ್ಲು, ನಮ್ಮ ಕಾಲೇಜಿನ ನೋಟಿಸ್ ಬೋರ್ಡು, ಎಲ್ಲ ಕಡೆ ಅಂಟಿಸಿ ಬಂದಳು. ಗುರುತಿಲ್ಲದ ಮನೆಗಳ ಗೇಟು ತಟ್ಟಿ ಮಾತಾಡುತ್ತಾಳೆ. ನಾನು ಗೇಟಿನ ಹೊರಗೆ ಸ್ಕೂಟರ್ ಹಿಡಿದುಕೊಂಡು ನಿಂತಿರುತ್ತೇನೆ.

ಅವಳಿಲ್ಲದಿದ್ದರೆ ನಮ್ಮ ಕಂಪನಿ ಮಂಚದ ಕೆಳಗೇ ತುಕ್ಕು ಹಿಡಿಯುತ್ತದೆ.

ಮೇ 9, ಶುಕ್ರವಾರ

ಬೆಳಿಗ್ಗೆ ನಗರದ ಒಂದು ದೊಡ್ಡ ಹೋಟೆಲಿನ ಮೇಡಂ ಒಬ್ಬರಿಂದ ಫೋನು ಬಂತು. ಶಾಲಿನಿ ಅಲ್ಲಿ ಸ್ವಾಗತಕಾರಿಣಿಯ ಕೆಲಸಕ್ಕೆ ಸಂದರ್ಶನ ಕೊಟ್ಟಿದ್ದಾಳಂತೆ. ನನಗೆ ಹೇಳಿರಲಿಲ್ಲ. ಅರ್ಜಿಯಲ್ಲಿ, ವಿಚಾರಿಸಲು ಗುರುಗಳ ಹೆಸರು ಬರೆಯಿರಿ ಎಂದು ನಾನೇ ಎಲ್ಲರಿಗೂ ಕಲಿಸಿದ್ದೆ, ಅವಳು ಬರೆದಿದ್ದಾಳೆ.

"ಹುಡುಗಿ ಹೇಗೆ ಸರ್? ಫ್ರಂಟ್ ಆಫೀಸಿಗೆ ಆಗ್ತಾಳಾ?" ಎಂದು ಆಕೆ ಕೇಳಿದರು.

ಮಂಚದ ಕೆಳಗೆ ನೋಡಿದೆ. ಅವಳು ಹೋದರೆ ನನಗೆ ಇನ್ನೇನೂ ಉಳಿಯುವುದಿಲ್ಲ. "ಒಳ್ಳೆಯ ಹುಡುಗಿ" ಎಂದೆ. ಆಮೇಲೆ, "ಗೊತ್ತಿಲ್ಲದವರ ಹತ್ತಿರ ಮಾತಾಡೋಕೆ ಮಾತ್ರ ಸ್ವಲ್ಪ ಭಯ" ಎಂದೆ.

ಆಕೆ ಥ್ಯಾಂಕ್ಸ್ ಹೇಳಿ ಇಟ್ಟರು. ನಾನು ಸುಳ್ಳು ಹೇಳಲಿಲ್ಲ. ಜನವರಿಯಲ್ಲಿ ಅವಳೇ ಹೇಳಿದ್ದು.

ಮೇ 10, ಶನಿವಾರ

ಸುಳ್ಳಲ್ಲ.

ಮೇ 13, ಮಂಗಳವಾರ

ಶಾಲಿನಿ ಬಂದಳು. ಕಣ್ಣು ಊದಿತ್ತು, ನಗುತ್ತಲೂ ಇದ್ದಳು.

"ಒಂದು ಕೆಲ್ಸ ನಿಮ್ಗೆ ಹೇಳ್ದೆ ಟ್ರೈ ಮಾಡ್ದೆ ಸರ್, ಬೈಬೇಡಿ. ಸಿಕ್ಕಿಲ್ಲ. ಎಲ್ಲ ಚೆನ್ನಾಗೇ ಆಗಿತ್ತು. ದೌರ್ಬಲ್ಯ ಕೇಳಿದ್ರು, ಮೊದಲ್ನೇ ಸಲ ನೀವು ಹೇಳ್ಕೊಟ್ಟಂಗೇ ಊಟ, ನಿದ್ದೆ ಅಂತ ಹೇಳ್ದೆ. ಸುಳ್ಳು ಅಂತ ಗೊತ್ತಾಗೋಯ್ತೇನೋ."

ನಾನು ನೀರು ಕುಡಿಯಲು ಎದ್ದು ಹೋದೆ.

"ಅಮ್ಮಂಗೆ ಆಸೆ ಇತ್ತು. ದೊಡ್ಡ ಹೋಟೆಲ್ಲು, ಯೂನಿಫಾರ್ಮು, ತಿಂಗಳು ತಿಂಗಳು ಸಂಬಳ. ಇನ್ಮೇಲೆ ಕೂತು ಉಣ್ಬೋದು ಅನ್ಕೊಂಡಿದ್ಲು. ಓಗ್ಲಿ ಬುಡಿ. ಎಲ್ಲಾ ಬಾಗ್ಲು ಮುಚ್ಚಿದ್ರೂ ಸರ್ ಇದ್ದಾರಲ್ಲ ಅಂದ್ಲು." ಚೀಲದಿಂದ ನುಗ್ಗೆಕಾಯಿ ಕಟ್ಟು ತೆಗೆದು ಪಂಕಜಾಗೆ ಕೊಟ್ಟಳು. ಚಾಮುಂಡಮ್ಮ ನನಗೆಂದು ಕಳಿಸಿದ್ದು.

ನುಗ್ಗೆಕಾಯಿ ಹುಳಿ ಮಾಡಿದ್ದಳು ಪಂಕಜಾ. ತಟ್ಟೆ ಪಕ್ಕಕ್ಕೆ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದೆ.

ಮೇ 17, ಶನಿವಾರ

ಹದಿನಾರು ವರ್ಷ ಮಕ್ಕಳನ್ನು ಕೆಲಸಕ್ಕೆ ಸೇರಿಸುವುದಕ್ಕೇ ಸಂಬಳ ತಿಂದೆ. ಸೇರಿಕೊಳ್ಳಲು ಹೊರಟ ಒಬ್ಬಳನ್ನು ಕಾಲು ಹಿಡಿದು ಎಳೆದೆ. ಇಷ್ಟು ನೀಚನಾಗಲು ನನಗೆ ನಾಲ್ಕು ತಿಂಗಳು ಸಾಕಾಯಿತು. ಇಂಥವನ ಜೊತೆ ಒಂದೇ ಮನೆಯಲ್ಲಿರಲು ನನಗೇ ಅಸಹ್ಯ.

ಅವಳು ದಿನಾ ಬರುತ್ತಿದ್ದಾಳೆ. ಕುಕ್ಕರುಗಳ ಗ್ಯಾಸ್ಕೆಟ್ ಬದಲಾಯಿಸುತ್ತಾ ಅಪ್ಪನ ಹತ್ತಿರ ಶ್ಲೋಕ ಹೇಳಿಸಿಕೊಳ್ಳುತ್ತಾಳೆ. ಅಪ್ಪ ಹೇಳಿಕೊಡುತ್ತಿದ್ದಾರೆ.

ಮೇ 19, ಸೋಮವಾರ

ಹೋಟೆಲಿಗೆ ಫೋನ್ ಮಾಡಲು ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಸ್ಕೂಟರ್ ಹತ್ತಿ ನಾನೇ ಹೋದೆ.

ಅವತ್ತು ಫೋನ್ ಮಾಡಿದ್ದ ಆ ಗುರುತಿಲ್ಲದ ಹೆಂಗಸಿನ ಎದುರು ನಿಂತು ಹೇಳಿದೆ. "ಮೇಡಂ, ಶಾಲಿನಿ ವಿಷಯದಲ್ಲಿ ನಾನು ನಿಮಗೆ ತಪ್ಪು ಹೇಳಿದೆ. ಅವಳು ನನ್ನ ಜೊತೆ ವ್ಯಾಪಾರದಲ್ಲಿದ್ದಾಳೆ, ಬಿಟ್ಟುಹೋಗ್ತಾಳೆ ಅಂತ ಹೆದರಿ ಹಾಗಂದೆ. ಯಾವ ದೇಶದವರು ಬಂದರೂ ಕೈಹಿಡಿದು ಮಾತಾಡಿಸೋ ಹುಡುಗಿ ಅದು."

ಆಕೆ ಫೈಲಿನಿಂದ ಶಾಲಿನಿಯ ಅರ್ಜಿ ಹೊರತೆಗೆದರು. "ಇಂಥ ಮಾತು ಹೇಳೋಕೆ ಯಾರೂ ಬರಲ್ಲ ಸರ್. ಆ ಜಾಗಕ್ಕೆ ಸೇರಿದವರು ಬಿಟ್ಟುಹೋದರು, ನಾಳೆ ಕಳಿಸಿ ನೋಡೋಣ" ಎಂದರು.

ಶಾಲಿನಿಗೆ ಕೆಲಸ ಸಿಕ್ಕಿತು, ಜೂನ್ ಒಂದರಿಂದ. ಮೈಸೂರು ಪಾಕ್ ತಂದು ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿದೆ. ನಡೆದದ್ದನ್ನು ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. "ಹೋಗ್ಲಾ ಸರ್? ನಮ್ ಕಂಪನಿ?" ಎಂದಳು.

"ಹೋಗು" ಎಂದೆ. ಅವಳು ಹೋದ ಮೇಲೆ ಮನೆ ಬಿಕೋ ಎಂದಿತು.

(ಶಾಲಿನಿಗೆ ಕೆಲಸ ಸಿಕ್ಕಿತು ಎಂಬಲ್ಲಿಂದ ಮುಂದಿನದು ಗುರುವಾರದ್ದು. ಆ ದಿನ ಬರೆಯಲು ಆಗಲಿಲ್ಲ, ಇಲ್ಲೇ ಸೇರಿಸಿದ್ದೇನೆ.)

ಜೂನ್ 8, ಭಾನುವಾರ

ನಾಳೆ ಕಾಲೇಜು ಶುರು. ಇಷ್ಟು ವರ್ಷ ಈ ದಿನ ಅಂಗಿ ಇಸ್ತ್ರಿ ಮಾಡಿಸುತ್ತಿದ್ದೆ. ಇವತ್ತು ಅದೇ ಅಂಗಿ ಹಾಕಿಕೊಂಡು ಮೊದಲ ಸೆಟ್ ಇಳಿಸಲು ಹೋದೆ.

ಫೋನು ನಿನ್ನೆ ಬಂದಿತ್ತು, ಚೀಟಿ ನೋಡಿ ಮಾಡಿದ್ದರು. ಕುವೆಂಪುನಗರದಲ್ಲೇ ಮಹಡಿ ಮೇಲಿನ ಒಂದು ಕೋಣೆ. ಶಾಲಿನಿಗೆ ಡ್ಯೂಟಿ. ಊಟದ ಬಿಡುವಿನಲ್ಲಿ ಫೋನ್ ಮಾಡಿ, "ಹಾಲು ಉಕ್ಕೋಗಂಟ ಆಫ್ ಮಾಡ್ಬೇಡಿ ಸರ್, ನೀವು ಗಾಬರಿ ಬೀಳ್ತೀರ" ಎಂದಳು. ಮಹೇಂದ್ರ ಸಾಮಾನು ಇಳಿಸಿ ಇನ್ನೊಂದು ಬಾಡಿಗೆಗೆ ಹೋದ. ಮನೆಯಿಂದ ಹೊರಡುವಾಗ ಅಪ್ಪ ಕುಕ್ಕರಿನ ಮೇಲಿನ ಶಲ್ಯವನ್ನು ತಾವೇ ತೆಗೆದು ಮಡಿಸಿಟ್ಟರು.

ಗಿರಾಕಿ ಕಲಬುರಗಿಯ ಹುಡುಗ, ರೇವಣಸಿದ್ದ ಎಂದು ಹೆಸರು. ಕೋಣೆಯಲ್ಲಿ ಒಂದು ಸೂಟ್‌ಕೇಸು ಬಿಟ್ಟರೆ ಏನೂ ಇರಲಿಲ್ಲ. ನಾನು ಒಲೆ ಜೋಡಿಸಿದೆ, ಹಾಲು ಇಟ್ಟೆ.

"ಎಷ್ಟ್ ವರ್ಷ ಆತ್ರಿ ಸರ್, ಈ ಬಿಸಿನೆಸ್ ಚಾಲೂ ಮಾಡಿ?" ಎಂದ.

"ನೀವೇ ಮೊದಲನೆಯವರು" ಎಂದೆ.

ಅವನು ನಕ್ಕ. ನಾನು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಅವನಿಗೂ ಧೈರ್ಯ ಬಂತೇನೋ. "ನಂದೂ ನಾಳಿಗೇ ಮೊದಲ್ನೇದು ನೋಡ್ರಿ. ಇಲ್ಲೇ ಕಾಲೇಜಿನ್ಯಾಗ ಕಾಮರ್ಸ್ ಗೆಸ್ಟ್ ಲೆಕ್ಚರರ್. ನಿಮ್ಮ ಚೀಟಿ ಅಲ್ಲೇ ಬೋರ್ಡ್ ಮ್ಯಾಲಿತ್ರಿ. ನೆಟ್ ಆಗೇದ, ಆದ್ರ ಒಂದು ದಿನಾನೂ ಪಾಠ ಮಾಡಿಲ್ಲ. ಹಳೇ ಸರ್ ಯಾರೋ ಇದ್ರಂತ, ಅವರು ಕಲಸ್ತಿದ್ದ ಸಬ್ಜೆಕ್ಟೆಲ್ಲಾ ನಂಗ ಕೊಟ್ಟಾರ. ಹೊಸಬರ ಮುಂದ ನಿಂದ್ರಾಕ ಅಂಜಿಕಿ ಬರತೈತ್ರಿ."

ಹಾಲು ಅಂಚಿಗೆ ಬಂದಿತ್ತು. ನಾನು ಒಲೆಯನ್ನೇ ನೋಡುತ್ತಾ ನಿಂತೆ. ನನ್ನ ಜಾಗಕ್ಕೆ ಬಂದವನನ್ನು ಎಷ್ಟು ಸಲ ಮನಸ್ಸಿನಲ್ಲಿ ಶಪಿಸಿದ್ದೆನೋ, ಲೆಕ್ಕವಿಲ್ಲ. ಅವನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಆಮೇಲೆ ಆರಿಸಿ, ಲೋಟಕ್ಕೆ ಬಗ್ಗಿಸಿ ಅವನಿಗೆ ಕೊಟ್ಟೆ.

"ಹದಿನಾಲ್ಕನೇ ರೂಮು ಕೊಡ್ತಾರೆ" ಎಂದೆ. "ಅಲ್ಲಿ ಫ್ಯಾನು ಎರಡರಲ್ಲೇ ಇಡಿ. ಮೂರಕ್ಕಿಟ್ಟರೆ ಸದ್ದಿಗೆ ನಿಮ್ಮ ಮಾತು ಹಿಂದಿನ ಬೆಂಚಿಗೆ ಕೇಳಲ್ಲ. ದೌರ್ಬಲ್ಯ ಏನು ಅಂತ ಕೇಳಿದಾಗ ಯಾರಾದರೂ ನಿಜ ಹೇಳಿದರೆ ಬೈಬೇಡಿ."

ಆ ಹಳೇ ಸರ್ ಯಾರೆಂದು ಅವನಿಗೆ ಹೊಳೆಯಿತು. ಹಾಲಿನ ಲೋಟ ನನ್ನ ಕೈಗೆ ಕೊಟ್ಟು, "ಸರ್, ನೀವು ಕುಂದರ್ರಿ" ಎಂದ.

ನಮ್ಮ ಸೆಟ್‌ನಲ್ಲಿ ಕುರ್ಚಿ ಇಲ್ಲ. ಚಾಪೆ ಬಿಡಿಸಿದೆ. ಇಬ್ಬರೂ ಅದರ ಮೇಲೆ ಕೂತು ಉಳಿದ ಹಾಲು ಕುಡಿದೆವು.